ಮನೆಯ ವಿದ್ಯುತ್ತಿಗೆ ಲೆಕ್ಕವಿಡಲು ಸ್ಮಾರ್ಟ್ ಪ್ಲಗ್

ಹೈನುಗಾರಿಕೆ ಮಾಡುವ ರೈತರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಡೇರಿಗೆ ಹಾಕಿದ ಒಟ್ಟು ಹಾಲಿನ ಲೆಕ್ಕದಿಂದ ಯಾವ ಹಸು ಎಷ್ಟು ಕೊಟ್ಟಿತೆಂದು ತಿಳಿಯುವುದಿಲ್ಲ. ಒಂದೊಂದು ಹಸುವಿನ ಹಾಲನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಟ್ಟಾಗಲೇ ತಿಂದ ಮೇವಿಗೆ ತಕ್ಕ ಹಾಲು ಕೊಡದ ಹಸು ಯಾವುದೆಂಬುದು ಗೊತ್ತಾಗುತ್ತದೆ. ಮನೆಯ ವಿದ್ಯುತ್ ಬಳಕೆಯೂ ಹೀಗೆಯೇ. ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಒಟ್ಟು ಯೂನಿಟ್ ಮಾತ್ರ ಇರುತ್ತದೆ. ಅದರಲ್ಲಿ ಫ್ರಿಜ್ಜಿನ ಪಾಲೆಷ್ಟು, ನೀರು ಕಾಯಿಸುವ ಹೀಟರಿನ ಪಾಲೆಷ್ಟು ಎಂಬುದು ಬಿಲ್ಲಿನಿಂದ ತಿಳಿಯದು. ಬಿಲ್ಲು ಹೆಚ್ಚು ಬಂದ ತಿಂಗಳು ಮನೆಯವರು ಕಣ್ಣಿಗೆ ಕಾಣುವ ದೀಪವನ್ನು ಆರಿಸುತ್ತಾರೆ. ನಿಜವಾಗಿ ವಿದ್ಯುತ್ ತಿನ್ನುವ ಸಾಧನವು ಮೂಲೆಯಲ್ಲಿ ಹಾಗೆಯೇ ನಡೆಯುತ್ತಿರುತ್ತದೆ.

ಒಂದೊಂದು ಸಾಧನದ ಬಳಕೆಯನ್ನು ಬೇರೆಯಾಗಿ ಅಳೆಯಲು ಈಗ ವಿದ್ಯುತ್ ಅಳೆಯುವ ಸ್ಮಾರ್ಟ್ ಪ್ಲಗ್ ಎಂಬ ಚಿಕ್ಕ ಉಪಕರಣ ದೊರೆಯುತ್ತದೆ. ಸರಿಯಾಗಿ ಬಳಸಿದರೆ ಇದು ಒಳ್ಳೆಯ ಲೆಕ್ಕಿಗ. ತಪ್ಪಾಗಿ ಬಳಸಿದರೆ ಬೆಂಕಿಗೆ, ಕೈ ಬೆರಳಿನ ಅಪಘಾತಕ್ಕೆ ಕಾರಣವಾಗಬಹುದು. ಆದ್ದರಿಂದ ಇದರ ಉಪಯೋಗ ಮತ್ತು ಮಿತಿ ಎರಡನ್ನೂ ಇಲ್ಲಿ ವಿವರಿಸಲಾಗಿದೆ.

ಸ್ಮಾರ್ಟ್ ಪ್ಲಗ್ ಎಂದರೇನು?

ಇದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಪ್ಲಗ್ಗು. ಇದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ಸಾಧನದ ಪ್ಲಗ್ಗನ್ನು ಇದರೊಳಗೆ ಸಿಕ್ಕಿಸಬೇಕು. ಇದರ ಒಳಗೆ ಮೂರು ಮುಖ್ಯ ಭಾಗಗಳಿರುತ್ತವೆ.

1. ರಿಲೇ: ವಿದ್ಯುತ್ತನ್ನು ಹರಿಯಬಿಡುವ ಮತ್ತು ತಡೆಯುವ ಸ್ವಿಚ್ಚು.
2. ಅಳತೆಯ ಚಿಪ್ಪು: ವೋಲ್ಟೇಜ್ ಮತ್ತು ಆಂಪಿಯರ್‌ಗಳನ್ನು ಒಟ್ಟಿಗೆ ಅಳೆದು, ಸಾಧನವು ಆ ಕ್ಷಣದಲ್ಲಿ ಎಷ್ಟು ವ್ಯಾಟ್ ಎಳೆಯುತ್ತಿದೆ, ಇದುವರೆಗೆ ಎಷ್ಟು ಯೂನಿಟ್ ಖರ್ಚಾಯಿತು ಎಂದು ಲೆಕ್ಕ ಮಾಡುವ ಭಾಗ.
3. ವೈಫೈ ಭಾಗ: ಈ ಲೆಕ್ಕವನ್ನು ಮನೆಯ ವೈಫೈ ಮೂಲಕ ಮೊಬೈಲಿಗೆ ಕಳುಹಿಸುವ ಮತ್ತು ಮೊಬೈಲಿನಿಂದ ಬಂದ ಆಜ್ಞೆಯನ್ನು ರಿಲೇಗೆ ತಲುಪಿಸುವ ಭಾಗ.

ಅಳತೆಯ ಚಿಪ್ಪಿಲ್ಲದ ಸ್ಮಾರ್ಟ್ ಪ್ಲಗ್ಗುಗಳೂ ಅಂಗಡಿಯಲ್ಲಿವೆ. ಅವು ದೂರದಿಂದ ಸ್ವಿಚ್ಚು ಹಾಕಲು, ಆರಿಸಲು ಮಾತ್ರ ಬರುತ್ತವೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ವಿದ್ಯುತ್ ಅಳತೆಯ ಉಲ್ಲೇಖ ಇದೆಯೇ ಎಂದು ನೋಡಿ ಕೊಳ್ಳಬೇಕು.

ಯೂನಿಟ್ಟಿನ ಲೆಕ್ಕ

1000 ವ್ಯಾಟಿನ ಸಾಧನವು ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. 100 ವ್ಯಾಟಿನ ಸಾಧನಕ್ಕೆ ಒಂದು ಯೂನಿಟ್ ಖರ್ಚಾಗಲು 10 ಗಂಟೆ ಬೇಕು. ಹೀಗಾಗಿ ಹೆಚ್ಚು ವ್ಯಾಟಿನ ಸಾಧನವು ಸ್ವಲ್ಪ ಹೊತ್ತು ನಡೆದರೂ ಯೂನಿಟ್ ಏರುತ್ತದೆ. ಕಡಿಮೆ ವ್ಯಾಟಿನ ಸಾಧನವು ಹಗಲು ರಾತ್ರಿ ನಡೆದರೂ ಏರುತ್ತದೆ. 10 ವ್ಯಾಟ್ ಎಳೆಯುವ ಸೆಟ್‌ಟಾಪ್ ಬಾಕ್ಸ್ ದಿನದ 24 ಗಂಟೆಯೂ ಚಾಲೂ ಇದ್ದರೆ ತಿಂಗಳಿಗೆ 7 ಯೂನಿಟ್ ಮೀರುತ್ತದೆ. ಟಿ.ವಿ. ನೋಡುವುದು ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಾಕ್ಸಿನ ಖರ್ಚು ಇಡೀ ದಿನ ನಡೆಯುತ್ತದೆ.

ಗೃಹಜ್ಯೋತಿ ಮನೆಗಳಿಗೆ ಈ ಲೆಕ್ಕ ಏಕೆ ಬೇಕು?

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲ ಮನೆಗೂ 200 ಯೂನಿಟ್ ಉಚಿತ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ನೇ ಸಾಲಿನಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10ರಷ್ಟು ಸೇರಿಸಿ ಮಿತಿಯನ್ನು ಗೊತ್ತುಪಡಿಸಲಾಗಿದೆ. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಮನೆಗಳಿಗೆ 2024ರಲ್ಲಿ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಲು ತೀರ್ಮಾನವಾಯಿತು. ಬಳಕೆಯು ನಿಮ್ಮ ಮಿತಿಯನ್ನು ಮೀರಿ 200ರ ಒಳಗೆ ಇದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ ಕಟ್ಟಬೇಕು. 200 ಮೀರಿದರೆ ಆ ತಿಂಗಳ ಎಲ್ಲ ಯೂನಿಟ್ಟಿಗೂ ಕಟ್ಟಬೇಕು.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. 2022-23ರಲ್ಲಿ ಸರಾಸರಿ 180 ಯೂನಿಟ್ ಬಳಸಿದ ಒಂದು ದೊಡ್ಡ ಕುಟುಂಬಕ್ಕೆ ಮಿತಿ 198 ಯೂನಿಟ್. ಈಗ ಆ ಮನೆಯ ತಿಂಗಳ ಬಳಕೆ ಹೀಗಿದೆ ಎಂದು ಭಾವಿಸೋಣ.

ಬಚ್ಚಲಿಗೆ ದಿನಕ್ಕೆ ಐದು ಬಕೆಟ್ ಬಿಸಿನೀರು, ಹೀಟರ್ ರಾಡಿನಿಂದ: 67 ಯೂನಿಟ್
75 ವ್ಯಾಟಿನ ಮೂರು ಫ್ಯಾನು, ದಿನಕ್ಕೆ 10 ಗಂಟೆ: 67 ಯೂನಿಟ್
ಫ್ರಿಜ್, ದಿನಕ್ಕೆ 1.2 ಯೂನಿಟ್‌ನಂತೆ: 36 ಯೂನಿಟ್
ಎಲ್‌ಇಡಿ ದೀಪಗಳು: 11 ಯೂನಿಟ್
ಮಿಕ್ಸಿ, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ: 10 ಯೂನಿಟ್
ಟಿ.ವಿ.: 9 ಯೂನಿಟ್
ಸೆಟ್‌ಟಾಪ್ ಬಾಕ್ಸ್: 7 ಯೂನಿಟ್
ವೈಫೈ ಪೆಟ್ಟಿಗೆ ಮತ್ತು ಚಾರ್ಜರುಗಳು: 6 ಯೂನಿಟ್
ಒಟ್ಟು: 213 ಯೂನಿಟ್

ಬಳಕೆಯು 200 ಮೀರಿದ್ದರಿಂದ 213 ಯೂನಿಟ್ಟಿಗೂ ಹಣ ಕಟ್ಟಬೇಕು. ಲೆಕ್ಕಕ್ಕೆ ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ 1,278 ರೂಪಾಯಿ ಆಗುತ್ತದೆ. ನಿಗದಿತ ಶುಲ್ಕ ಬೇರೆ. ಆದರೆ ಬಿಸಿನೀರೇ ಮುಖ್ಯ ಖರ್ಚೆಂದು ತಿಳಿದು, ಐದರಲ್ಲಿ ಮೂರು ಬಕೆಟ್ ನೀರನ್ನು ತೆಂಗಿನ ಗರಿ, ಮಟ್ಟೆ ಉರಿಸಿ ಹಂಡೆಯಲ್ಲಿ ಕಾಯಿಸಿಕೊಂಡರೆ 40 ಯೂನಿಟ್ ಉಳಿಯುತ್ತದೆ. ಬಳಕೆ 173ಕ್ಕೆ ಇಳಿದು ಬಿಲ್ಲು ಶೂನ್ಯವಾಗುತ್ತದೆ. ಇದೇ ಮನೆಯವರು ದೀಪಗಳನ್ನೆಲ್ಲ ಅರ್ಧ ಹೊತ್ತು ಆರಿಸಿದ್ದರೆ ಐದಾರು ಯೂನಿಟ್ ಮಾತ್ರ ಉಳಿಯುತ್ತಿತ್ತು, ಬಿಲ್ಲು ತಪ್ಪುತ್ತಿರಲಿಲ್ಲ. ಎಲ್ಲಿ ಕೈ ಹಾಕಬೇಕೆಂಬುದು ಅಳೆದರೆ ಮಾತ್ರ ತಿಳಿಯುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. 16 ಆಂಪಿಯರಿನ ಪ್ಲಗ್ಗನ್ನೇ ಕೊಳ್ಳಬೇಕು. 230 ವೋಲ್ಟಿನಲ್ಲಿ 6 ಆಂಪಿಯರಿನ ಪ್ಲಗ್ಗು 1380 ವ್ಯಾಟಿನವರೆಗೆ ಮಾತ್ರ ತಾಳುತ್ತದೆ. ಸಾಮಾನ್ಯವಾದ 1500 ವ್ಯಾಟಿನ ಹೀಟರ್ ರಾಡ್ ಕೂಡ ಈ ಮಿತಿಯನ್ನು ಮೀರುತ್ತದೆ.
2. ಪ್ಲಗ್ಗು 16 ಆಂಪಿಯರಿನದಾದರೆ ಗೋಡೆಯ ಸಾಕೆಟ್ಟು ಮತ್ತು ಅದಕ್ಕೆ ಬಂದಿರುವ ತಂತಿಯೂ 16 ಆಂಪಿಯರಿಗೆ ತಕ್ಕವಾಗಿರಬೇಕು. ಅಡಾಪ್ಟರ್ ಹಾಕಿ 6 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಬಾರದು.
3. ಐಎಸ್‌ಐ ಗುರುತನ್ನು ನೋಡಬೇಕು. ಪ್ಲಗ್ಗು ಮತ್ತು ಸಾಕೆಟ್ಟುಗಳಿಗೆ ಭಾರತೀಯ ಮಾನಕ ಐಎಸ್ 1293 ಅನ್ವಯಿಸುತ್ತದೆ.
4. ಒಂದೇ ಪ್ಲಗ್ಗು ಕೊಂಡರೆ ಸಾಕು. ಸ್ಮಾರ್ಟ್ ಪ್ಲಗ್ಗು ತಾನೂ ಒಂದು ವ್ಯಾಟಿನಷ್ಟು ಎಳೆಯುತ್ತದೆ. ಇದು ತಿಂಗಳಿಗೆ ಸುಮಾರು 0.7 ಯೂನಿಟ್. ಎಲ್ಲ ಸಾಧನಕ್ಕೂ ಒಂದೊಂದು ಹಾಕುವ ಬದಲು ಒಂದನ್ನೇ ವಾರಕ್ಕೊಂದು ಸಾಧನಕ್ಕೆ ಬದಲಾಯಿಸುತ್ತಾ ಹೋಗುವುದು ಮಿತವ್ಯಯದ ಕ್ರಮ.

ಅಳೆಯುವ ಕ್ರಮ

ಪ್ಲಗ್ಗನ್ನು ಮೊದಲ ಸಲ ಜೋಡಿಸುವಾಗ ಮೊಬೈಲು ಮನೆಯ ವೈಫೈಗೆ ಸೇರಿರಬೇಕು. ಇಂತಹ ಹೆಚ್ಚಿನ ಪ್ಲಗ್ಗುಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಕಂಪನಿಯ ಆ್ಯಪ್‌ನಲ್ಲಿ ಬೇರೆಯವರು ಊಹಿಸಲಾಗದ ಪಾಸ್‌ವರ್ಡ್ ಇಡಬೇಕು. ಅನಂತರ ಒಂದು ನೋಟ್ ಪುಸ್ತಕದಲ್ಲಿ ಸಾಧನದ ಹೆಸರು, ಹಾಕಿದ ದಿನ ಮತ್ತು ಹೊತ್ತು, ತೆಗೆದ ದಿನ ಮತ್ತು ಹೊತ್ತು, ಖರ್ಚಾದ ಯೂನಿಟ್ ಎಂದು ನಾಲ್ಕು ಕಲಂ ಹಾಕಿ ಬರೆದಿಡಬೇಕು.

ಫ್ರಿಜ್: ಫ್ರಿಜ್ಜಿನ ಕಂಪ್ರೆಸರ್ ಸ್ವಲ್ಪ ಹೊತ್ತು ನಡೆದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಯಾವುದೋ ಒಂದು ಕ್ಷಣದ ವ್ಯಾಟ್ ನೋಡಿ ತೀರ್ಮಾನಿಸಬಾರದು. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಅಳೆದು ದಿನದ ಸರಾಸರಿ ತೆಗೆಯಬೇಕು. ಇದನ್ನು 365ರಿಂದ ಗುಣಿಸಿ, ಫ್ರಿಜ್ಜಿನ ನಕ್ಷತ್ರದ ಚೀಟಿಯಲ್ಲಿ ನಮೂದಿಸಿದ ವರ್ಷದ ಯೂನಿಟ್ಟಿನೊಡನೆ ಹೋಲಿಸಬೇಕು. ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು ಬರುವುದು ಸಹಜ. ಬಹಳ ಹೆಚ್ಚಾಗಿದ್ದರೆ ಹಾಗೂ ಕಂಪ್ರೆಸರ್ ಬಿಡುವಿಲ್ಲದೆ ನಡೆಯುತ್ತಿದ್ದರೆ ಬಾಗಿಲಿನ ರಬ್ಬರನ್ನು ಪರೀಕ್ಷಿಸಬೇಕು. ಬಾಗಿಲ ಸಂದಿನಲ್ಲಿ ಒಂದು ಕಾಗದ ಇಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ ಎಂದು ತಿಳಿಯಬೇಕು. ಫ್ರಿಜ್ಜಿನ ಹಿಂಭಾಗವು ಗೋಡೆಗೆ ಒತ್ತಿಕೊಂಡಿದ್ದರೂ, ಧೂಳು ಹಿಡಿದಿದ್ದರೂ ಖರ್ಚು ಏರುತ್ತದೆ.

ಬಿಸಿನೀರು: 15 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 0.44 ಯೂನಿಟ್ ಬೇಕು. ರಾಡ್ ಯಾವ ಕಂಪನಿಯದಾದರೂ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಕಾಯಿಸಲಾರದು. ನಿಮ್ಮ ಅಳತೆಯು ಇದಕ್ಕಿಂತ ಬಹಳ ಹೆಚ್ಚು ಬಂದರೆ ನೀರು ಬೇಕಾದುದಕ್ಕಿಂತ ಹೆಚ್ಚು ಕಾಯುತ್ತಿದೆ ಅಥವಾ ಕಾದ ಮೇಲೂ ರಾಡನ್ನು ಹಾಗೆಯೇ ಬಿಡಲಾಗುತ್ತಿದೆ ಎಂದರ್ಥ.

ಫ್ಯಾನು ಮತ್ತು ದೀಪ: ಇವುಗಳ ತಂತಿ ಗೋಡೆಯೊಳಗಿಂದ ಹೋಗುವುದರಿಂದ ಪ್ಲಗ್ಗಿನಿಂದ ಅಳೆಯಲಾಗದು. ಅವುಗಳ ಮೇಲೆ ನಮೂದಿಸಿದ ವ್ಯಾಟನ್ನು ದಿನಕ್ಕೆ ನಡೆದ ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ದಿನದ ಯೂನಿಟ್ ದೊರೆಯುತ್ತದೆ. ಹಳೆಯ 75 ವ್ಯಾಟಿನ ಫ್ಯಾನಿನ ಬದಲು 30 ವ್ಯಾಟಿನ ಸುಮಾರಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಈ ಲೆಕ್ಕದಿಂದಲೇ ತಿಳಿಯಬಹುದು.

ಮೀಟರಿನೊಡನೆ ತಾಳೆ ನೋಡುವುದು

ಪ್ಲಗ್ಗಿನ ಲೆಕ್ಕ ಸರಿಯಿದೆಯೇ ಎಂಬುದನ್ನು ಮನೆಯ ಮೀಟರಿನಿಂದಲೇ ಪರೀಕ್ಷಿಸಬಹುದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆಯನ್ನು ಮೀಟರಿನ ಮುಖದ ಮೇಲೆ ಅಚ್ಚು ಹಾಕಿರುತ್ತಾರೆ. ಈ ಸಂಖ್ಯೆ 3200 ಎಂದಿರಲಿ. ಮನೆಯ ಬೇರೆಲ್ಲ ಸಾಧನಗಳನ್ನು ಆರಿಸಿ, ಹೀಟರ್ ರಾಡನ್ನು ನೀರಿನಲ್ಲಿ ಮುಳುಗಿಸಿ ಪ್ಲಗ್ಗಿನ ಮೂಲಕ ನಡೆಸಬೇಕು. ಪ್ಲಗ್ಗು 1500 ವ್ಯಾಟ್ ಎಂದು ತೋರಿಸುತ್ತಿದ್ದರೆ ಮೀಟರಿನ ದೀಪವು ನಿಮಿಷಕ್ಕೆ 80 ಸಲ ಮಿನುಗಬೇಕು. ಒಂದೆರಡು ಸಲದ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಕೆಲವು ವ್ಯಾಟ್ ಮಾತ್ರ ಎಳೆಯುವ ಚಿಕ್ಕ ಸಾಧನಗಳಲ್ಲಿ ಪ್ಲಗ್ಗಿನ ಲೆಕ್ಕ ಅಷ್ಟು ನಿಖರವಾಗಿರುವುದಿಲ್ಲ ಎಂಬುದು ನೆನಪಿರಲಿ.

ಎಲ್ಲ ಸಾಧನಗಳನ್ನು ಆರಿಸಿ ಪ್ಲಗ್ಗುಗಳನ್ನೂ ತೆಗೆದ ಮೇಲೆ ಮೀಟರಿನ ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ವಿದ್ಯುತ್ ಸೋರುತ್ತಿರಬಹುದು. ತಡಮಾಡದೆ ಪರವಾನಗಿ ಪಡೆದ ಎಲೆಕ್ಟ್ರೀಷಿಯನ್‌ರಿಂದ ವೈರಿಂಗ್ ಪರೀಕ್ಷೆ ಮಾಡಿಸಬೇಕು.

ವೋಲ್ಟೇಜ್ ತಿಳಿಯುವ ಉಪಯೋಗ

ಹಳ್ಳಿಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜ್ ಇಳಿಯುವುದುಂಟು. ಹೆಚ್ಚಿನ ಪ್ಲಗ್ಗುಗಳು ಆ ಕ್ಷಣದ ವೋಲ್ಟೇಜನ್ನೂ ತೋರಿಸುತ್ತವೆ. 230 ವೋಲ್ಟಿನಲ್ಲಿ 1500 ವ್ಯಾಟ್ ಎಳೆಯುವ ರಾಡ್ 180 ವೋಲ್ಟಿನಲ್ಲಿ ಸುಮಾರು 920 ವ್ಯಾಟ್ ಮಾತ್ರ ಎಳೆಯುತ್ತದೆ. 17 ನಿಮಿಷದಲ್ಲಿ ಕಾಯುವ ಬಕೆಟ್ ನೀರಿಗೆ 28 ನಿಮಿಷ ಬೇಕಾಗುತ್ತದೆ. ಹೊತ್ತು ಹೆಚ್ಚು ಹಿಡಿದರೂ ಖರ್ಚಾಗುವ ಯೂನಿಟ್ ಹೆಚ್ಚುಕಡಿಮೆ ಅಷ್ಟೇ. ಮೋಟರಿನ ಗುಣ ಇದಕ್ಕೆ ವಿರುದ್ಧ. ವೋಲ್ಟೇಜ್ ಇಳಿದಾಗ ಅದೇ ಕೆಲಸಕ್ಕೆ ಮೋಟರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ಕಾಯಿಲ್ ಸುಡುತ್ತದೆ. ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿಕೊಂಡು, ಕಡಿಮೆ ಇದ್ದಾಗ ಮನೆಯ ನೀರೆತ್ತುವ ಮೋಟರನ್ನು ಹಾಕದಿದ್ದರೆ ರಿವೈಂಡಿಂಗ್ ಖರ್ಚು ಉಳಿಯುತ್ತದೆ.

ಕರೆಂಟು ಹೋಗಿ ಬಂದಾಗ: ಅತಿ ಮುಖ್ಯ ಎಚ್ಚರಿಕೆ

ಕರೆಂಟು ಹೋಗಿ ಮತ್ತೆ ಬಂದಾಗ ಸ್ಮಾರ್ಟ್ ಪ್ಲಗ್ಗು ಮೂರು ಬಗೆಯಲ್ಲಿ ವರ್ತಿಸಬಹುದು. ಆರಿಯೇ ಇರಬಹುದು, ತಾನಾಗಿ ಹೊತ್ತಿಕೊಳ್ಳಬಹುದು, ಅಥವಾ ಮೊದಲು ಹೇಗಿತ್ತೋ ಹಾಗೆಯೇ ಆಗಬಹುದು. ಹೆಚ್ಚಿನ ಆ್ಯಪ್‌ಗಳಲ್ಲಿ ಇದನ್ನು ನಾವೇ ಆರಿಸಿಕೊಳ್ಳಬಹುದು. ಪ್ಲಗ್ಗು ಜೋಡಿಸಿದ ದಿನವೇ ಇದನ್ನು ನೋಡಿ ಸರಿಪಡಿಸಬೇಕು.

ಫ್ರಿಜ್ಜಿಗೆ ಕರೆಂಟು ಬಂದಾಗ ಹೊತ್ತಿಕೊಳ್ಳುವಂತೆಯೇ ಇಡಬೇಕು. ಇಲ್ಲದಿದ್ದರೆ ಮನೆಯವರು ಹೊಲಕ್ಕೆ ಹೋಗಿರುವಾಗ ಕರೆಂಟು ಬಂದರೂ ಫ್ರಿಜ್ ಆರಿಯೇ ಇದ್ದು ಒಳಗಿನ ಹಾಲು, ಔಷಧಿ ಕೆಡುತ್ತವೆ. ಹೀಟರ್ ರಾಡ್, ಇಸ್ತ್ರಿ ಪೆಟ್ಟಿಗೆಗಳಿಗೆ ಆರಿಯೇ ಇರುವಂತೆ ಇಡಬೇಕು. ರಾಡ್ ನಡೆಯುತ್ತಿರುವಾಗ ಕರೆಂಟು ಹೋಯಿತೆನ್ನಿ. ಮನೆಯವರು ಇದ್ದಷ್ಟು ಬಿಸಿನೀರನ್ನು ಬಗ್ಗಿಸಿಕೊಂಡು ಬರಿಯ ರಾಡನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಬಿಟ್ಟು ಹೋಗುತ್ತಾರೆ. ಎರಡು ಗಂಟೆಯ ನಂತರ ಕರೆಂಟು ಬಂದಾಗ ರಾಡ್ ತಾನಾಗಿ ಹೊತ್ತಿಕೊಂಡರೆ ಬಕೆಟ್ಟು ಕರಗಿ ಬೆಂಕಿ ಹೊತ್ತುವ ಅಪಾಯವಿದೆ.

ಆ್ಯಪ್‌ನಲ್ಲಿ ಆರಿಸಿದೆವೆಂದು ರಾಡ್ ಇರುವ ನೀರಿಗೆ ಕೈ ಹಾಕಬಾರದು. ಹಲವು ಪ್ಲಗ್ಗುಗಳಲ್ಲಿ ರಿಲೇಯು ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಸಾಕೆಟ್ಟಿನ ವೈರಿಂಗ್ ಅದಲು ಬದಲಾಗಿದ್ದರೆ ಆರಿದ ಮೇಲೂ ಸಾಧನಕ್ಕೆ ವಿದ್ಯುತ್ ತಲುಪುತ್ತಿರುತ್ತದೆ. ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟಬೇಕು.

ಯಾವುದಕ್ಕೆ ಬಳಸಬಾರದು?

1. ಮೇವು ಕತ್ತರಿಸುವ ಯಂತ್ರ: ಇದಕ್ಕೆ ಎಂದಿಗೂ ಸ್ಮಾರ್ಟ್ ಪ್ಲಗ್ ಹಾಕಬಾರದು. ಸಿಕ್ಕಿಕೊಂಡ ಮೇವನ್ನು ಬಿಡಿಸುತ್ತಿರುವಾಗ ಒಳಗೆ ಕುಳಿತ ಮಗುವೊಂದು ಮೊಬೈಲಿನಲ್ಲಿ ಗುಂಡಿ ಒತ್ತಿದರೂ ಸಾಕು, ಹೋದ ಕರೆಂಟು ಬಂದರೂ ಸಾಕು, ಕೈ ಹೋಗುತ್ತದೆ. ತಿರುಗುವ ಅಲಗು ಇರುವ ಯಾವುದೇ ಯಂತ್ರದ ಸ್ವಿಚ್ಚು ಅದರ ಹತ್ತಿರವೇ, ಕೆಲಸ ಮಾಡುವವರ ಕಣ್ಣೆದುರಿಗೇ ಇರಬೇಕು.
2. ನೀರೆತ್ತುವ ಮೋಟರು: 1 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟರು ಓಡುವಾಗ ಎಳೆಯುವುದು 16 ಆಂಪಿಯರಿಗಿಂತ ಕಡಿಮೆಯೇ. ಆದರೆ ಹೊರಡುವ ಕ್ಷಣದಲ್ಲಿ ಇದರ ಹಲವು ಪಟ್ಟು ಎಳೆಯುತ್ತದೆ. ಆಗ ರಿಲೇಯ ಒಳಗಿನ ಚುಕ್ಕೆಗಳು ಬೆಸೆದುಕೊಳ್ಳಬಹುದು. ಬೆಸೆದುಕೊಂಡರೆ ಆ್ಯಪ್‌ನಲ್ಲಿ ಆರಿದೆ ಎಂದು ತೋರಿಸಿದರೂ ಮೋಟರು ಓಡುತ್ತಲೇ ಇರುತ್ತದೆ. ಮೋಟರಿಗೆ ಸರಿಯಾದ ಸ್ಟಾರ್ಟರನ್ನೇ ಬಳಸಬೇಕು. ತ್ರೀ ಫೇಸ್ ಪಂಪ್‌ಸೆಟ್ಟಿಗೂ ಈ ಪ್ಲಗ್ಗಿಗೂ ಸಂಬಂಧವೇ ಇಲ್ಲ.
3. ಕೊಟ್ಟಿಗೆ, ಬಚ್ಚಲು, ಬಯಲು: ತೇವ, ಹೊಟ್ಟಿನ ಧೂಳು, ಇರುವೆ ಸೇರುವ ಜಾಗದಲ್ಲಿ ಪ್ಲಗ್ಗನ್ನು ಇಡಬಾರದು.
4. ಎಕ್ಸ್‌ಟೆನ್ಷನ್ ಬೋರ್ಡು: ಒಂದೇ ಬೋರ್ಡಿಗೆ ಹೀಟರು, ಇಸ್ತ್ರಿ ಪೆಟ್ಟಿಗೆ ಎರಡನ್ನೂ ಹಾಕಿ ಅದನ್ನು ಸ್ಮಾರ್ಟ್ ಪ್ಲಗ್ಗಿಗೆ ಸಿಕ್ಕಿಸಬಾರದು.

ಹೆಚ್ಚು ವ್ಯಾಟಿನ ಸಾಧನವನ್ನು ಮೊದಲ ಸಲ ಅಳೆಯುವಾಗ ಹತ್ತಿರವೇ ಇದ್ದು, ಕಾಲು ಗಂಟೆಯ ನಂತರ ಪ್ಲಗ್ಗಿನ ಹೊರಮೈಯನ್ನು ಒಣಗಿದ ಕೈಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ಚು ಆರಿಸಿ ಪ್ಲಗ್ಗನ್ನು ತೆಗೆದು ಸಾಕೆಟ್ಟನ್ನು ಬದಲಾಯಿಸಬೇಕು. ಮನೆಗೆ ಸರಿಯಾದ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಇರುವುದು ಸ್ಮಾರ್ಟ್ ಪ್ಲಗ್ಗಿಗಿಂತ ಮೊದಲು ಆಗಬೇಕಾದ ಕೆಲಸ.

ತಾನಾಗಿ ನಡೆಯುವ ಕೆಲವು ಅನುಕೂಲಗಳು

ಅಳತೆಯ ಆಧಾರದ ಮೇಲೆ ಪ್ಲಗ್ಗು ತಾನಾಗಿ ಕೆಲಸ ಮಾಡುವಂತೆಯೂ ಏರ್ಪಡಿಸಬಹುದು. ಬ್ಯಾಟರಿ ಸಿಂಪರಣಾ ಯಂತ್ರದ ಚಾರ್ಜರ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಟರಿ ತುಂಬುತ್ತಾ ಬಂದಂತೆ ಚಾರ್ಜರ್ ಎಳೆಯುವ ವ್ಯಾಟ್ ಇಳಿಯುತ್ತದೆ. ಒಂದು ಸಲ ಪೂರ್ತಿ ಚಾರ್ಜ್ ಮಾಡಿ, ತುಂಬಿದಾಗ ಎಷ್ಟು ವ್ಯಾಟಿಗೆ ಇಳಿಯಿತೆಂದು ನೋಡಿಕೊಂಡು, ಅಷ್ಟಕ್ಕೆ ಇಳಿದಾಗ ಆರುವಂತೆ ಗೊತ್ತುಪಡಿಸಿದರೆ ರಾತ್ರಿಯೆಲ್ಲ ಚಾರ್ಜಿಗೆ ಬಿಟ್ಟು ಬ್ಯಾಟರಿ ಕೆಡುವುದು ತಪ್ಪುತ್ತದೆ. ಹೀಟರ್ ರಾಡ್ 20 ನಿಮಿಷದಲ್ಲಿ ಆರುವಂತೆ ಇಡಬಹುದು. ಸೆಟ್‌ಟಾಪ್ ಬಾಕ್ಸ್ ರಾತ್ರಿ 11ಕ್ಕೆ ಆರಿ ಬೆಳಿಗ್ಗೆ 6ಕ್ಕೆ ಹೊತ್ತುವಂತೆ ಮಾಡಬಹುದು.

ಇಂಟರ್‌ನೆಟ್ ಆಗಾಗ ಕಡಿಯುವ ಊರುಗಳಲ್ಲಿ ಕಂಪನಿಯ ಆ್ಯಪನ್ನೇ ನಂಬಿದರೆ ಇಂತಹ ಏರ್ಪಾಡು ಕೈಕೊಡಬಹುದು. ಕಂಪ್ಯೂಟರ್ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶವನ್ನು ಒಂದು ಚಿಕ್ಕ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. 2013ರಲ್ಲಿ ಆರಂಭವಾದ ಇದಕ್ಕೆ 2021ರ ಆಗಸ್ಟಿನಲ್ಲಿ ವಿದ್ಯುತ್ ಲೆಕ್ಕದ ಪುಟ ಸೇರಿತು. ಇದರ ಲೆಕ್ಕ, ನಿಯಮಗಳೆಲ್ಲ ಮನೆಯೊಳಗೇ ಇರುತ್ತವೆ. ಇದರೊಡನೆ ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುವ ಪ್ಲಗ್ಗನ್ನೇ ಆರಿಸಿಕೊಳ್ಳಬೇಕು. ಬೇರೆ ಬೇರೆ ಕಂಪನಿಯ ಸಾಧನಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನಕಕ್ಕೆ 2024ರ ಮೇ ತಿಂಗಳಲ್ಲಿ ವಿದ್ಯುತ್ ಅಳತೆಯನ್ನೂ ಸೇರಿಸಲಾಗಿದೆ.

ಮರಿಗಳಿಗೆ ಕಾವು ಕೊಡುವ ಬಲ್ಬು ಅಥವಾ ಫ್ರಿಜ್ ನಿಂತರೆ ಮೊಬೈಲಿಗೆ ಸೂಚನೆ ಬರುವಂತೆಯೂ ಮಾಡಬಹುದು. ಆದರೆ ಕರೆಂಟೇ ಹೋದಾಗ ಪ್ಲಗ್ಗೂ ವೈಫೈ ಪೆಟ್ಟಿಗೆಯೂ ಒಟ್ಟಿಗೆ ಆರುವುದರಿಂದ ಪ್ಲಗ್ಗಿನಿಂದ ಸೂಚನೆ ಬಾರದು. ಸೂಚನೆ ಬರಲಿಲ್ಲ, ಆದ್ದರಿಂದ ಎಲ್ಲ ಸರಿಯಿದೆ ಎಂದು ತಿಳಿಯಬಾರದು.

ಕೊನೆಯ ಮಾತು

ಸ್ಮಾರ್ಟ್ ಪ್ಲಗ್ಗು ತಾನಾಗಿ ವಿದ್ಯುತ್ ಉಳಿಸುವುದಿಲ್ಲ. ತಕ್ಕಡಿಯಿಂದ ಇಳುವರಿ ಹೆಚ್ಚದು, ಆದರೆ ತೂಗದೆ ಮಾರಿದವನಿಗೆ ನಷ್ಟ ತಪ್ಪದು. ರೈತ ಬಾಂಧವರು ಒಂದು ಒಳ್ಳೆಯ 16 ಆಂಪಿಯರಿನ ಪ್ಲಗ್ಗನ್ನು ತಂದು, ಒಂದೆರಡು ತಿಂಗಳು ಮನೆಯ ಸಾಧನಗಳನ್ನು ಒಂದೊಂದಾಗಿ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಬಿಲ್ಲಿನಲ್ಲಿ ನಮೂದಾದ ತಮ್ಮ ಗೃಹಜ್ಯೋತಿ ಮಿತಿಯನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಬೇಕು. ಅಕ್ಕಪಕ್ಕದ ನಾಲ್ಕಾರು ಮನೆಯವರು ಸೇರಿ ಒಂದು ಪ್ಲಗ್ಗು ಕೊಂಡು ಸರದಿಯ ಮೇಲೆ ಬಳಸಿದರೂ ಆದೀತು. ಬಳಕೆ ತಿಳಿದ ಮೇಲೆ ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಬದಲಾಯಿಸಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ತೀರ್ಮಾನಿಸಬಹುದು. ಮೋಟರಿಗೆ ಮತ್ತು ಮೇವಿನ ಯಂತ್ರಕ್ಕೆ ಮಾತ್ರ ಈ ಪ್ಲಗ್ಗನ್ನು ಹಾಕಲೇಬಾರದು.